ಗಂಧರ್ವನ ಮೇಲೆ ನಾನು ಬರೆದ ಷರಾಗಳು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಕು ನೋಡಿ. ಪಕ್ಕದ ಮನೆಯವನ ಕಾರು, ಸಹೋದ್ಯೋಗಿಯ ಬಡ್ತಿ, ಷಡ್ಡಕನ ತಲೆಗೂದಲು, ಇವುಗಳ ಮೇಲೆ ಕಿಚ್ಚುಪಟ್ಟರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಕಿಚ್ಚುಪಟ್ಟದ್ದು ಚಾಲುಕ್ಯರ ಕಾಲದ ಒಬ್ಬ ಗಂಧರ್ವನ ಮೇಲೆ. ಅವನು ಹುಟ್ಟಿದ್ದಾದರೂ ಎಲ್ಲಿ? ಜರ್ಮನಿಯ ಸಿಂಡೆಲ್‌ಫಿಂಗೆನ್ನಿನ ನಮ್ಮ ಮೂರನೆಯ ಮಹಡಿಯ ಅಡುಗೆಮನೆಯಲ್ಲಿ, ನನ್ನ ಹೆಂಡತಿ ಶಾರದೆಯ ಲ್ಯಾಪ್‌ಟಾಪಿನೊಳಗೆ.

ಶಾರದೆ ಕಾದಂಬರಿ ಬರೆಯುತ್ತಿದ್ದಳು. ಪಟ್ಟದಕಲ್ಲಿನ ಶಿಲ್ಪಿಯೊಬ್ಬನ ಮಗಳು ನಾಗವ್ವೆ ಗೋಧೂಳಿಯ ಹೊತ್ತಿಗೆ ಮಲಪ್ರಭೆಗೆ ನೀರಿಗೆ ಹೋಗುತ್ತಾಳೆ. ರೆಕ್ಕೆಯುಳ್ಳ ಗಂಧರ್ವನೊಬ್ಬ ಇಳಿದು ಬಂದು ದಂಡೆಯ ಮೇಲೆ ಕೂರುತ್ತಾನೆ. ಅಷ್ಟೇ, ಪ್ರೇಮ. ಬರೆಯುವ ದಿನಗಳಲ್ಲಿ ಶಾರದೆ ಮನೆಯಲ್ಲಿದ್ದೂ ಇರುತ್ತಿರಲಿಲ್ಲ. ಕಿಟಕಿಯಾಚೆ ಹಿಮ ಉದುರುತ್ತಿದ್ದರೆ ಅವಳ ಕಣ್ಣಿಗೆ ಅದು ಪಾರಿಜಾತವೋ ಏನೋ, ನೋಡುತ್ತ ನಿಂತುಬಿಡುವಳು. ಒಲೆಯ ಮೇಲೆ ಬೇಳೆ ಸೀಯುತ್ತಿತ್ತು.

ಒಂದು ದಿನ ಅಚ್ಚು ತೆಗೆದ ಹಾಳೆಗಳನ್ನು ನನ್ನ ಮುಂದಿಟ್ಟು, “ನೀವು ಮೊದಲ ಓದ್ರಿ” ಅಂದಳು. ನಾನು ಕಾರು ಕಾರ್ಖಾನೆಯಲ್ಲಿ ಬ್ರೇಕುಗಳ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಯಿತು. ‘ಹಾರುವಾಗ ಉತ್ತರೀಯ ಹೇಗೆ ನಿಲ್ಲುತ್ತದೆ?’ ‘ಬರುವ ಮುಂಚೆ ತಿಳಿಸುವ ಪದ್ಧತಿ ಇಲ್ಲವೆ?’ ಎಲ್ಲಕ್ಕಿಂತ ಘನವಾದ ಷರಾ: ‘ಊರಿಗೆ ಬಂದು ಮೂರು ಹುಣ್ಣಿಮೆಯಾದರೂ ಅನ್ಮೆಲ್ಡುಂಗ್ ಮಾಡಿಸಿಲ್ಲ.’ ಈ ದೇಶದಲ್ಲಿ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸದವನು ಮನುಷ್ಯನೇ ಅಲ್ಲ. ಆತ ಮನುಷ್ಯನಲ್ಲ ಎಂಬುದೇ ಕಥೆ ಎಂದು ನನಗೆ ಹೊಳೆಯಲೇ ಇಲ್ಲ.

ಶಾರದೆ ಎಲ್ಲ ಷರಾಗಳನ್ನೂ ಓದಿದಳು. “ಛಲೋ ಆತು ಬಿಡ್ರಿ” ಎಂದು ಹಾಳೆಗಳನ್ನು ರದ್ದಿ ಚೀಲಕ್ಕೆ ಹಾಕಿದಳು. ಅಲ್ಲಿಗೆ ಬರವಣಿಗೆ ನಿಂತಿತು. ಎರಡು ವಾರ ಸಾರು ಹದವಾಗಿತ್ತು, ಬಟ್ಟೆ ಇಸ್ತ್ರಿಯಾಗಿತ್ತು, ಹಿಮ ಬಿದ್ದರೆ ಅವಳು ಪರದೆ ಎಳೆಯುತ್ತಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳೊಳಗಿನ ಏನನ್ನೋ ನಾನು ಕೊಂದುಬಿಟ್ಟೆನಲ್ಲ ಎನಿಸಿತು.

ಒಂದು ಭಾನುವಾರ ಮಧ್ಯಾಹ್ನ, ಊರಿಗೆ ಊರೇ ಸದ್ದಿಲ್ಲದೆ ಮಲಗಿದ್ದಾಗ, ರದ್ದಿ ಚೀಲದಿಂದ ಹಾಳೆಗಳನ್ನು ತೆಗೆದು ಪೆನ್ನಿಲ್ಲದೆ ಓದಿದೆ. ಅಯ್ಯೋ, ಆ ಗಂಧರ್ವ ಮಹಾ ಏನನ್ನೂ ಮಾಡುತ್ತಿರಲಿಲ್ಲ! ನಾಗವ್ವೆ ಮಾತು ಮುಗಿಸುವವರೆಗೆ ಸುಮ್ಮನೆ ಕೇಳುತ್ತ ಕೂರುತ್ತಿದ್ದ. ನಾನೋ, ಶಾರದೆಯ ಎರಡನೆಯ ವಾಕ್ಯಕ್ಕೇ ಪರಿಹಾರ ಕೊಟ್ಟು ಎದ್ದು ಹೋಗುವ ಆಸಾಮಿ. ನಾಚಿಕೆಯಾಯಿತು. ಸೀದಾ ಅಡುಗೆಮನೆಗೆ ಹೋದೆ.

“ಮುಂದ ಏನಾತು?”

“ಬರದಿಲ್ರೀ.”

“ಬಾಯಿಲೆ ಹೇಳು. ನಾ ನಡುವ ಮಾತಾಡಂಗಿಲ್ಲ.”

ಮೊದಲು ಅನುಮಾನದಿಂದ, ಆಮೇಲೆ ನನ್ನನ್ನೇ ಮರೆತು ಹೇಳತೊಡಗಿದಳು. ಮಲಪ್ರಭೆ ನಮ್ಮ ಅಡುಗೆಮನೆಯೊಳಗೇ ಹರಿಯಿತು. ನಾಗವ್ವೆಯ ಅಪ್ಪ ಕೆತ್ತುತ್ತಿದ್ದ ಗುಡಿಗೆ ಕಳಸ ಏರಿದ ದಿನ ಗಂಧರ್ವ ನಾಗವ್ವೆಯನ್ನು ಬಿಟ್ಟು ಹಾರಿಹೋದ. ನನಗೆ ತಡೆಯಲಾಗಲಿಲ್ಲ.

“ಅಷ್ಟು ಪ್ರೀತಿ ಇದ್ದಾಂವ ಯಾಕ ಹೋಗ್ತಾನ?”

“ಉಳಕೊಂಡ್ರ ಗಂಡ ಆಗ್ತಾನಲ್ರೀ!”

ನಕ್ಕೆ. ಆದರೆ ಎದೆಗೆ ನಾಟಿತು. ಶಾರದೆ ಮೆಲ್ಲಗೆ ಅಂದಳು: “ನೀವೂ ಮೊದಲ ಹಂಗ ಇದ್ರಿ. ಉಳಕೊಂಡ್ರಿ.”

ಇದು ಹೊಗಳಿಕೆಯೋ ದೂರೋ ಎಂದು ಕೇಳುವ ಧೈರ್ಯ ಬರಲಿಲ್ಲ. ಅವತ್ತು ಸಂಜೆ ಅವಳು ಮತ್ತೆ ಬರೆಯಲು ಕುಳಿತಳು. ಅಂದಿನಿಂದ ಬೆನ್ನು ತುರಿಸಿದಾಗಲೆಲ್ಲ ರೆಕ್ಕೆ ಮೊಳೆಯುತ್ತಿವೆಯೇನೋ ಎಂದು ನನಗೆ ಸಣ್ಣ ಆಸೆ. ಮೊನ್ನೆ ಶಾರದೆಗೆ ತೋರಿಸಿಯೂಬಿಟ್ಟೆ. ಕನ್ನಡಕ ಏರಿಸಿ ಚೆನ್ನಾಗಿ ಪರೀಕ್ಷಿಸಿದಳು.

“ಹೀಟರಿಗೆ ಚರ್ಮ ಒಣಗೇತ್ರಿ. ಕೊಬ್ಬರಿ ಎಣ್ಣಿ ಹಚ್ಕೋರಿ.”