ಕಂಪನಿ ಕೊಟ್ಟಂಗೇ ಇರಬೇಕು

ಬಾನೆಟ್ಟು ಎತ್ತಿದರೆ ಇಂಜಿನ್ನು ಕಾಣಬೇಕು. ನಮ್ಮ ಕಡೆಯ ಬಸ್ಸುಗಳಲ್ಲಿ ಮೊದಲು ಕಾಣುತ್ತಿದ್ದದ್ದು ಒಡೆಯನ ಬುದ್ಧಿ. ಐವತ್ತರ ದಶಕದಲ್ಲಿ ಚಾಮರಾಜನಗರದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನನ್ನದೊಂದು ರಿಪೇರಿ ಶಾಪು. ಹಾಗಾಗಿ ನಗೆಪಾಟಲಿನ ಸಂಗತಿಯನ್ನು ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದೇ ನನ್ನ ಬಾಗಿಲಿಗೆ ಬರುತ್ತಿತ್ತು, ಹತ್ತು ಜನರಿಂದ ತಳ್ಳಿಸಿಕೊಂಡು.

೧. ಅದೇ ಬಸ್ಸಾ?

ಗುಂಡ್ಲುಪೇಟೆಗೆ ಆಗ ಎರಡು ಬಸ್ಸು. ಒಂದು ನಮ್ಮೂರ ಅರಿಶಿನ ಮಂಡಿ ಸಾವ್ಕಾರ್ರದು, ಇನ್ನೊಂದು ಗುಂಡ್ಲುಪೇಟೆ ಯಜಮಾನರದು. ಒಂದೇ ಕಂಪನಿ, ಒಂದೇ ಮಾಡಲ್ಲು. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಮುಂದೆ ಯಾರು ನಿಲ್ಲಬೇಕು ಅಂತ ದಿನಾ ಜಗಳ. ಕೊನೆಗೆ ಉಡಿಗಾಲದ ಕಡೆಯ ನೇರ ರಸ್ತೆಯಲ್ಲಿ ಎರಡು ಫರ್ಲಾಂಗು ಖಾಲಿ ಬಸ್ಸು ಓಡಿಸುವುದು, ಗೆದ್ದವರು ಮುಂದೆ ಅಂತ ತೀರ್ಮಾನವಾಯಿತು. ಇಂಜಿನ್ನು ಕಂಪನಿ ಕೊಟ್ಟಂಗೇ ಇರಬೇಕು. ನೋಡಿ ಪಾಸು ಮಾಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು.

"ಸವೆದ ಪಾರ್ಟು ತಗುದು ಬ್ಯಾರೆ ಹಾಕ್ಬೋದಾ?" ಯಜಮಾನರು ಕೇಳಿದರು.

"ಹಾಕ್ಬೋದು. ಅದೇ ಅಳತೆ ಇರಬೇಕು, ಶಕ್ತಿ ಜಾಸ್ತಿ ಆಗಬಾರದು."

"ಅಂಗೇ ಒಂದೊಂದಾಗಿ ಎಲ್ಲಾನೂ ಬದಲಾಯಿಸ್ಬುಟ್ರೆ? ಆಗ್ಲೂ ಅದು ಅದೇ ಬಸ್ಸಾ?"

ಅಯ್ಯೋ ಶಿವನೇ, ಇದನ್ನು ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಅವರ ಕಂಡಕ್ಟರೇ ಉತ್ತರ ಕೊಟ್ಟ: "ನಮ್ದರಲ್ಲಿ ಆಗ್ಲೇ ಎಲ್ಲಾ ಬದಲಾಗ್ಬುಟ್ಟದೆ ಬುಡಿ ಯಜಮಾನ್ರೇ. ಕೆಮ್ಮು ಮಾತ್ರ ಅದೇ ಅದೆ."

೨. ಹಗ್ಗ ಮತ್ತು ಅರಿಶಿನ

ಮೊದಲು ಗುಂಡ್ಲುಪೇಟೆ ಬಸ್ಸಿನ ಬಾನೆಟ್ಟು ಎತ್ತಿದೆ. ಫ್ಯಾನ್ ಬೆಲ್ಟಿನ ಜಾಗದಲ್ಲಿ ಗಂಟು ಹಾಕಿದ ಹಗ್ಗ.

"ಇದನ್ನ ಕಂಪನಿಯೋರು ಕೊಟ್ರಾ?" ಅಂದರು ಸಾವ್ಕಾರ್ರು.

"ಇಲ್ಲ, ನಮ್ ಎತ್ತು ಕೊಡ್ತು," ಅಂದ ಕಂಡಕ್ಟರು.

ಹಗ್ಗ ಜಾರುತ್ತದೆಯೇ ಹೊರತು ಶಕ್ತಿ ಕೊಡುವುದಿಲ್ಲ. ಪಾಸು ಅಂದೆ. ಸಾವ್ಕಾರ್ರ ಮುಖ ದಪ್ಪಗಾಯಿತು.

ಆಮೇಲೆ ಅವರ ಬಸ್ಸಿನ ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗಿನ ನೀರೆಲ್ಲ ಹಳದಿ! ತೂತು ಮುಚ್ಚಲಿ ಅಂತ ಮಂಡಿಯಿಂದ ಬೊಗಸೆಗಟ್ಟಲೆ ಅರಿಶಿನದ ಪುಡಿ ತಂದು ಸುರಿದಿದ್ದರು. ಈಗ ಕುಣಿಯುವ ಸರದಿ ಯಜಮಾನರದು. "ಅರಿಶಿನ ಯಾವ ಕಂಪನಿ ಪಾರ್ಟು ಸ್ವಾಮಿ?"

ಸಾವ್ಕಾರ್ರು ಒಂಚೂರೂ ಅಳುಕಲಿಲ್ಲ. "ಗಾಯಕ್ಕೆ ಅರಿಶಿನ ಹಚ್ಕಂಡ್ರೆ ನೀವು ಬ್ಯಾರೆ ಮನ್ಸ ಆಗ್ಬುಡ್ತೀರಾ?"

ಅದೂ ಪಾಸಾಯಿತು.

೩. ನಾಚಿಕೆಯ ಡ್ರೈವರು

ಒಂದು ಮಧ್ಯಾಹ್ನ ಸಾವ್ಕಾರ್ರ ಡ್ರೈವರು ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಬಿಚ್ಚಿದರೆ ಮಿಲ್ಟ್ರಿ ಲಾರಿಯ ಕಾರ್ಬುರೇಟರು. ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕುಡಿಸುವುದು ಇದೇ. ದೊಡ್ಡದು ಹಾಕಿದರೆ ಜಾಸ್ತಿ ಕುಡಿಯುತ್ತದೆ, ಜಾಸ್ತಿ ಓಡುತ್ತದೆ.

"ಅಣ್ಣೋ, ಇದನ್ನ ಕೂರಿಸ್ಬುಡಿ."

"ಶಕ್ತಿ ಜಾಸ್ತಿ ಕಣಪ್ಪ, ಆಗಕ್ಕಿಲ್ಲ."

ಅವನ ಕಣ್ಣು ತುಂಬಿಬಂತು. ಸೋತರೆ ಸ್ಟೇರಿಂಗು ಬಿಟ್ಟು ಮಂಡಿಯಲ್ಲಿ ಚೀಲ ಹೊಲಿಯೋಕೆ ಕೂರು ಅಂತ ಸಾವ್ಕಾರ್ರು ಹೇಳಿದ್ದರಂತೆ. ಬದನಗುಪ್ಪೆಯವರು ಇವನು ಡ್ರೈವರು ಅಂತಲೇ ಹೆಣ್ಣು ಕೊಡಲು ಒಪ್ಪಿದ್ದರು. "ಚೀಲ ಹೊಲಿಯೋನ್ಗೆ ಕೊಟ್ಟಾರಾ ಅಣ್ಣಾ? ಸಾಲ್ದು ಅಂತ ಇದು ಬ್ಯಾರೆ," ಅಂತ ಬಾಯಿ ತೆರೆದು ತೋರಿಸಿದ. ಮುಂದಿನ ಹಲ್ಲೊಂದು ಕಟ್ಟಿಸಿದ್ದು. ಬಸ್ಸು ಸ್ಟಾರ್ಟು ಮಾಡುವಾಗ ಹ್ಯಾಂಡಲು ತಿರುಗಿ ಹೊಡೆದು ಸ್ವಂತದ್ದು ಉದುರಿಹೋಗಿತ್ತು. ಹೆಣ್ಣಿನ ಕಡೆಯವರಿಗೆ ಅದು ಗೊತ್ತಿಲ್ಲ.

ಪಾಪ ಅನ್ನಿಸಿತು, ಆದರೂ ರೂಲು ರೂಲೇ. ಕಾರ್ಬುರೇಟರು ವಾಪಸ್ಸು ಕಳಿಸಿದೆ. "ಹೆಣ್ಣು ನೋಡಕ್ಕೆ ಹೋದಾಗ ಏನ್ ಮಾಡ್ದೆಯೋ?" ಅಂತ ಕೇಳಿದೆ.

"ಬಾಯಿಗೆ ಟವಲ್ ಅಡ್ಡ ಹಿಡ್ಕಂಡೇ ಕೂತಿದ್ದೆ. ಅವ್ರಪ್ಪ ಬೋ ಖುಷಿ ಪಟ್ರು, ಡ್ರೈವರ್ರಲ್ಲೂ ಇಷ್ಟು ನಾಚ್ಕೆ ಇರೋರು ಇದ್ದಾರಲ್ಲಾ ಅಂತ."

೪. ಅಜ್ಜಿಯ ಪೂಜೆ

ಪಂದ್ಯ ಆಯುಧ ಪೂಜೆಯ ಮಾರನೇ ದಿನ. ಕಾರ್ಬುರೇಟರು ಮುಂತಾದ ಪಾಸಾದ ಪಾರ್ಟುಗಳನ್ನು ಯಾರೂ ಬದಲಾಯಿಸದಿರಲಿ ಅಂತ ಎರಡೂ ಬಸ್ಸಿನವನ್ನು ಬಿಚ್ಚಿ ನನ್ನ ಶಾಪಿನಲ್ಲೇ ಇಟ್ಟುಕೊಂಡಿದ್ದೆ. ಸಾವ್ಕಾರ್ರದಕ್ಕೆ ಕುಂಕುಮದ ಗುರುತು, ಯಜಮಾನರದಕ್ಕೆ ಸುಣ್ಣದ ಗುರುತು.

ಪೂಜೆಯ ದಿನ ನಾನು ಹೂ ತರಲು ಹೋಗಿದ್ದೆ. ಮಂಗಳಾರತಿಗೆ ಅಂತ ಸಾವ್ಕಾರ್ರ ತಾಯಿ ಬಂದರಂತೆ. ಆಯುಧಗಳು ಜಿಡ್ಡು ಹಿಡಿದು ಬಿದ್ದಿದ್ದು ನೋಡಿ ಅವರಿಗೆ ಸಿಟ್ಟು ಬಂತು. ನಾನು ತಿರುಗಿ ಬರುವ ಹೊತ್ತಿಗೆ ಸೀಗೆಪುಡಿ, ಬೂದಿ, ತೆಂಗಿನ ನಾರು ಹಾಕಿ ಎಲ್ಲವನ್ನೂ ಫಳಫಳ ಉಜ್ಜಿ, ಒಂದೇ ಸಾಲಿನಲ್ಲಿ ಜೋಡಿಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಬಳಿದು ಕೂತಿದ್ದರು.

"ಅಜ್ಜೀ, ಇದ್ರಲ್ಲಿ ಯಾವ್ದು ಯಾರ್ದು?"

"ಎಲ್ಲಾ ಶಿವಂದೇ ಕಣಪ್ಪ," ಅಂದರು.

ಸರಿ, ಅವನ ಮೇಲೇ ಭಾರ ಹಾಕಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಬಸ್ಸಿಗೆ ಜೋಡಿಸಿದೆ.

೫. ತೀರ್ಪು

ಪಂದ್ಯಕ್ಕೆ ಜನವೋ ಜನ. ಬದನಗುಪ್ಪೆಯಿಂದ ಹೆಣ್ಣಿನ ಅಪ್ಪನೂ ಬಂದಿದ್ದರು. ಸೀಟಿ ಊದಿದೆ. ಎರಡೂ ಬಸ್ಸು ಕೆಮ್ಮುತ್ತಾ ಹೊರಟವು. ಕೊನೆಗೆ ಸಾವ್ಕಾರ್ರ ಬಸ್ಸು ಒಂದು ಬಾನೆಟ್ಟಿನಷ್ಟು ಮುಂದೆ ಬಂತು.

"ಮೋಸ! ಬಿಚ್ಚಿ ತೋರ್ಸಿ!" ಯಜಮಾನರು ಅಡ್ಡ ನಿಂತರು.

ಗೆದ್ದ ಬಸ್ಸಿನ ಕಾರ್ಬುರೇಟರ್ ಮುಚ್ಚಳ ತೆಗೆದೆ. ಯಜಮಾನರ ಕಂಡಕ್ಟರು ಬಗ್ಗಿ ನೋಡಿ ಕಿರುಚಿದ, "ಇದು ನಮ್ದು! ಒಳ್ಗಡೆ ಬೆಸುಗೆ ನಾನೇ ಹಾಕ್ಸಿದ್ದು!"

ಡ್ರೈವರು ಟವೆಲು ಹಿಡಿದುಕೊಂಡು ಅಲ್ಲೇ ಕುಸಿದು ಕೂತ. ಸಾವ್ಕಾರ್ರು ಅವನನ್ನು ದುರುಗುಟ್ಟಿ ನೋಡಿದರು. ಎಲ್ಲರ ಕಣ್ಣೂ ನನ್ನ ಮೇಲೆ.

"ಕಂಪನಿ ಅದೇ, ಅಳತೆ ಅದೇ, ಶಕ್ತಿ ಜಾಸ್ತಿ ಇಲ್ಲ. ಪಾಸು. ಗೆದ್ದದ್ದು ಮಂಡಿ ಬಸ್ಸು," ಅಂದೆ.

"ನಮ್ ಪಾರ್ಟಲ್ಲೇ ನಮ್ಮುನ್ನ ಸೋಲಿಸ್ಬುಟ್ರಲ್ಲೋ!" ಯಜಮಾನರು ತಲೆ ಚಚ್ಚಿಕೊಂಡರು.

ಡ್ರೈವರಿಗೆ ಸಂತೋಷ ತಡೆಯಲಾಗಲಿಲ್ಲ. ಟವೆಲು ಮೇಲಕ್ಕೆ ಎಸೆದು ಬಾಯ್ತುಂಬ ನಕ್ಕ. ನಕ್ಕ ರಭಸಕ್ಕೆ ಕಟ್ಟಿಸಿದ ಹಲ್ಲು ಪಟ್ ಅಂತ ಹಾರಿ ಭಾವಿ ಮಾವನ ಕಾಲ ಹತ್ತಿರ ಬಿತ್ತು.

ಮಾವ ಬಗ್ಗಿ ಅದನ್ನು ಎತ್ತಿಕೊಂಡು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೀದಾ ನನ್ನ ಹತ್ತಿರ ಬಂದು ಅಂಗೈ ಚಾಚಿದರು.

"ಇದು ಕಂಪನಿ ಕೊಟ್ಟಿದ್ದಲ್ಲ. ಏನಂತೀರಿ ಮೇಸ್ತ್ರಿ?"

ನಾನು ಹಲ್ಲನ್ನೂ ನೋಡಿದೆ, ಹುಡುಗನ ಮುಖವನ್ನೂ ನೋಡಿದೆ.

"ಅಳತೆ ಅದೇ, ಶಕ್ತಿಯೇನೂ ಜಾಸ್ತಿ ಇಲ್ಲ," ಅಂದೆ.

ಮಾವ ಹಲ್ಲನ್ನು ಅಳಿಯನ ಕೈಗೆ ಕೊಟ್ಟರು. "ಸರಿ, ಪಾಸು. ಮಿಕ್ಕಿದ ಪಾರ್ಟೆಲ್ಲಾ ನನ್ ಮಗಳೇ ನೋಡ್ಕತಾಳೆ."