ಯಾರೂ ಓದದ ಪುಸ್ತಕ

ಊರಲ್ಲಿ ಯಾರ ಹತ್ತಿರವೂ ಇಲ್ಲದ ಪುಸ್ತಕ ತನ್ನ ಹತ್ತಿರ ಇರಬೇಕು, ಅದನ್ನು ತಾನೂ ಸೇರಿದಂತೆ ಯಾರೂ ಓದಬಾರದು. ಇದು ಕನ್ನಡಕದಂಗಡಿಯ ಯಜಮಾನ ತೊಟ್ಟ ಪಣ. ಹಳೆಯ ಗೂಢಚಾರಿ ಕಾದಂಬರಿಗಳ ಮೊದಲ ಮುದ್ರಣಗಳನ್ನು ಕೂಡಿಹಾಕುವ ಹುಚ್ಚು ಅವನಿಗೆ. ಗಾಜಿನ ಬೀರುವಿನಲ್ಲಿದ್ದ ಅಷ್ಟೂ ಪುಸ್ತಕಗಳಲ್ಲಿ ಒಂದು ಪಟ್ಟದ ರಾಣಿಯಂತಿತ್ತು. ಅಚ್ಚಾದ ದಿನದಿಂದ ಅದರ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿರಲಿಲ್ಲ. ಮಡಿಕೆಗಳು ಕೂಡಿಕೊಂಡೇ ಇದ್ದವು, ಸೀಳದೆ ಓದುವಂತಿರಲಿಲ್ಲ. ಯಾರೂ ಓದಿಲ್ಲವೆಂಬುದೇ ಅದರ ಹೆಚ್ಚುಗಾರಿಕೆ.

ಪುಸ್ತಕ ಸಂಗ್ರಾಹಕರ ಸಂಘದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಭಾನುವಾರ ಸಂಘದ ಅಧ್ಯಕ್ಷರು ಬಂದು ಈ ಪುಸ್ತಕ ನೋಡಿ ತಲೆದೂಗಿದರೆ ಆ ಜಾಗ ಅವನದು. ಹಾಗಾಗಿ ಸೋಮವಾರವೇ ಧೂಳು ಒರೆಸಲು ಪುಸ್ತಕ ತೆಗೆದ. ಮೊದಲ ಅಧ್ಯಾಯದ ಹಾಳೆಗಳೆಲ್ಲ ಬಿಡಿಸಿಕೊಂಡಿದ್ದವು!

ಬೀರುವಿಗೆ ಬೀಗವಿತ್ತು, ಕೀಲಿ ಅವನ ಸೊಂಟದಲ್ಲಿತ್ತು. ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲಲ್ಲಿ ಒಂದನ್ನು ಕಿತ್ತು, ಗೂಢಚಾರಿಗಳ ಹಾಗೆ ಬಾಗಿಲಿಗೆ ಅಡ್ಡಲಾಗಿ ಅಂಟಿಸಿದ. ಮರುದಿನ ಸಂಜೆ ಕೂದಲು ಅಂಟಿಸಿದಲ್ಲೇ ಇತ್ತು. ಒಳಗೆ ಇನ್ನೂ ಎರಡು ಅಧ್ಯಾಯ ಬಿಡಿಸಿಕೊಂಡಿದ್ದವು. ಮುಟ್ಟಿ ನೋಡಿದರೆ ಹಾಳೆ ಬೆಚ್ಚಗಿತ್ತು.

“ಲೇ, ಬೀರು ಮುಟ್ಟಿದ್ಯಾ?” ಎಂದು ಹೆಂಡತಿಯನ್ನು ಕೇಳಿದ.

“ಕೀಲಿ ನಿಮ್ಮ ಹತ್ರಾನೇ ಇದೆ. ನಾನೇನು ಹೊಗೆನಾ, ಸಂದೀಲಿ ನುಗ್ಗೋಕೆ?”

“ಹಾಗಾದ್ರೆ ಯಾರೇ?”

“ಬರೆದೋರೇ ಬಂದು ತಿದ್ತಾ ಇರಬೇಕು. ಸತ್ತು ಎಷ್ಟೋ ವರ್ಷ ಆಯ್ತಲ್ರೀ, ಬಿಡುವಾಗಿರ್ತಾರೆ.”

ಅವಳು ನಕ್ಕಳು. ಅವನಿಗೆ ಊಟ ಸೇರಲಿಲ್ಲ.

ಶುಕ್ರವಾರ ಅಂಗಡಿಗೆ ರಜೆ ಹಾಕಿ, ಹಾಡುಹಗಲಲ್ಲೇ ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಮನೆ ನಿಶ್ಶಬ್ದವಾಗಿತ್ತು. ನೋಡುತ್ತಿದ್ದಂತೆ ಗಾಜಿನಾಚೆ ಆ ಪುಸ್ತಕ ಮೆಲ್ಲಗೆ ಅಲುಗಿತು. ತಾನಾಗಿಯೇ ಹಿಂದಕ್ಕೆ ಸರಿದು ಕತ್ತಲೊಳಗೆ ಮಾಯವಾಯಿತು. ಆಮೇಲೆ ಬೀರುವಿನ ಹೊಟ್ಟೆಯೊಳಗಿಂದ ಸರ್‍ರನೆ ಹಾಳೆ ಸೀಳುವ ಸದ್ದು. ಅವನು ಕೈ ಮುಗಿದ. ದೇವರ ಹೆಸರು ಕೂಡ ನೆನಪಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬೀರು ಕೆಮ್ಮಿತು. ಆ ಕೆಮ್ಮು ಅವನಿಗೆ ಮದುವೆಯಾದಾಗಿನಿಂದ ಪರಿಚಯ.

ಪಕ್ಕದ ಕೋಣೆಗೆ ಓಡಿದ. ಎರಡು ಕೋಣೆಗಳ ನಡುವಿನ ಬಳಸದ ಬಾಗಿಲಿಗೆ ಒತ್ತಿ ಆ ಬೀರು ಇಟ್ಟಿದ್ದರು. ಈ ಕಡೆಯಿಂದ ಬಾಗಿಲು ತೆರೆದಿತ್ತು, ಬೀರುವಿನ ಹಿಂಬದಿಯ ಹಲಗೆ ಕಳಚಿ ಗೋಡೆಗೆ ಒರಗಿತ್ತು. ಅತ್ತೆ ಬೆಣ್ಣೆ ಸವರುವ ಚಾಕು ಹಿಡಿದು ಆರಾಮಾಗಿ ಕೂತಿದ್ದರು.

“ಅತ್ತೆ, ಏನ್ ಮಾಡ್ತಿದೀರಿ?”

“ಓದ್ತಿದೀನಿ ಅಳಿಯಂದ್ರೇ. ಹೊಸ ಕನ್ನಡಕ ಮಾಡ್ಕೊಟ್ಟೋರು ನೀವೇ ಅಲ್ವಾ? ಹಲಗೆ ಸಡಿಲ ಇತ್ತು. ಪಾಪ, ಹಾಳೆಗಳೆಲ್ಲ ಕೂಡ್ಕೊಂಡಿದ್ವು, ನಾನೇ ಬಿಡಿಸ್ದೆ.”

“ಕೊನೇ ಅಧ್ಯಾಯನಾದ್ರೂ ಬಿಟ್ಟಿದೀರಾ?”

“ಈಗ ತಾನೇ ಮುಗೀತು. ದ್ರೋಹಿ ಯಾರು ಅಂತ ಹೇಳ್ಲಾ?”

ಅವನು ಗೋಡೆ ಹಿಡಿದುಕೊಂಡು ಮಗುವಿನಂತೆ ಅತ್ತ.

ಭಾನುವಾರ ಅಧ್ಯಕ್ಷರು ಬಿಳಿ ಕೈಗವಸು ತೊಟ್ಟು ಪುಸ್ತಕ ತೆರೆದರು. ಒಂದೊಂದೇ ಹಾಳೆ ತಿರುಗಿಸಿದರು. ಅವರ ಮುಖ ಬಿಳಿಚಿತು. ಇವನು ತಲೆ ತಗ್ಗಿಸಿ ನಿಂತ. ಅಧ್ಯಕ್ಷರು ಅತ್ತಿತ್ತ ನೋಡಿ ದನಿ ಇಳಿಸಿದರು.

“ನನ್ನ ಹತ್ರಾನೂ ಇದರದ್ದೊಂದು ಪ್ರತಿ ಇದೆ. ಕೂದಲು ಕಪ್ಪಿದ್ದಾಗ ಕೊಂಡಿದ್ದು. ಒಂದು ಹಾಳೇನೂ ಬಿಡಿಸಿಲ್ಲ. ಸತ್ತರೂ ಇದೊಂದು ಕೊರಗು ಹೋಗಲ್ಲ ನೋಡಿ. ಕೊನೆಗೆ ದ್ರೋಹಿ ಯಾರು?”

“ನಾನೂ ಓದಿಲ್ಲ ಸಾರ್,” ಎಂದು ಇವನು ತೊದಲಿದ.

“ಮತ್ತೆ ಓದಿದೋರು ಯಾರು?”

“ಕೂತ್ಕೊಳ್ಳಿ, ಮೊದಲಿಂದ ಹೇಳ್ತೀನಿ,” ಎಂದಿತು ಬೀರು. ಪುಸ್ತಕಗಳ ನಡುವೆ ಒಂದು ಮುಖ ಮೂಡಿತು. ಅಧ್ಯಕ್ಷರು ಕಿಟಾರನೆ ಕಿರುಚಿ, ಸುಧಾರಿಸಿಕೊಂಡು, ಕೂತರು.

ಕತ್ತಲಾಗುವ ಹೊತ್ತಿಗೆ ಕಥೆ ಮುಗಿಯಿತು, ಸಂಘದ ಖಾಲಿ ಜಾಗವೂ ತುಂಬಿತು. ಈಗ ತಿಂಗಳಿಗೊಮ್ಮೆ ಸಭೆಗೆ ಅತ್ತೆಯನ್ನು ಬಿಡುವುದು, ಕರೆತರುವುದು ಯಜಮಾನನ ಕೆಲಸ. ಸಭೆ ಮುಗಿಯುವವರೆಗೆ ಅವನು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ. ಸದಸ್ಯರಲ್ಲದವರನ್ನು ಒಳಗೆ ಬಿಡುವುದಿಲ್ಲ.