ಎತ್ತು ಇಬ್ಬರಿಗೂ ಲೆಕ್ಕ

ನಮ್ಮ ಸೋದರಮಾವನಿಗೆ ಬುದ್ಧಿ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಬೇಕಾದಷ್ಟಿದೆ. ಬೇಕಾದ ಹೊತ್ತಿಗೆ ಸಿಗುವುದಿಲ್ಲ, ಅಷ್ಟೇ! ಇಲ್ಲದಿದ್ದರೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು, ಕ್ಯಾತನಹಳ್ಳಿಯೆಲ್ಲ ಟ್ರಾಕ್ಟರು ಓಡಿಸುವಾಗ, ಒಂದೇ ಒಂದು ಎತ್ತು ಕಟ್ಟಿಕೊಂಡು ಕೂರುತ್ತಾರೆಯೇ?

ಒಂದೆತ್ತಿನಿಂದ ಉಳುವುದು ಹೇಗೆ ಅನ್ನುತ್ತೀರಾ? ಪಕ್ಕದ ಮನೆಯ ಗೌಡರದೂ ಒಂದೇ ಎತ್ತು. ಎರಡನ್ನೂ ಒಂದು ನೊಗಕ್ಕೆ ಕಟ್ಟಿ, ಒಂದು ದಿನ ಇವರ ಗದ್ದೆ, ಮಾರನೆಯ ದಿನ ಅವರ ಗದ್ದೆ. ಒಳ್ಳೆಯದೇ ಅನ್ನಿ. ಆದರೆ ಬದುವಿನ ಜಗಳವಾಗಿ ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ! ಏನಿದ್ದರೂ ಎತ್ತುಗಳ ಮೂಲಕವೇ.

“ಲೇ ಬಸ್ವ, ಹಗ್ಗ ಸಡ್ಲ ಆಗೈತೆ ಅಂತ ನಿನ್ನ ಗೌಡಂಗೆ ಹೇಳ್ಲಾ,” ಅಂತ ಮಾವ.

“ಲೇ ರಾಮ, ನಿನ್ನ ಮೇಷ್ಟ್ರು ಮೊದ್ಲು ಕನ್ನಡ್ಕ ಒರುಸ್ಕೊಳ್ಳಿ ಅನ್ನು!” ಅಂತ ಗೌಡರು.

ಇಂಥವರ ಹತ್ತಿರ ಮಗಳನ್ನು ಕಳಿಸಿದೆನಲ್ಲ, ನನ್ನ ಗ್ರಹಚಾರ! ಹತ್ತನೇ ಕ್ಲಾಸಿನಲ್ಲಿ ವಿಜ್ಞಾನಕ್ಕೆ ಡುಮ್ಕಿ ಹೊಡೆದಿದ್ದಳು. ಸೋಮವಾರ ಮತ್ತೆ ಪರೀಕ್ಷೆ. ಇದೂ ಹೋದರೆ ಈ ವರ್ಷದ ಪಿಯುಸಿ ಹೋದ ಹಾಗೆಯೇ. ಅಲೋಹಗಳ ಸಹವೇಲೆನ್ಸೀಯ ಬಂಧ ಅಂದರೆ ಸಾಕು, ಹುಡುಗಿ ಬೆವರುತ್ತಿದ್ದಳು. ಒಂದು ವಾರ ಓದಿಸಲಿ ಅಂತ ಮಾವನ ಮನೆಯಲ್ಲಿ ಬಿಟ್ಟು ಶ್ರೀರಂಗಪಟ್ಟಣಕ್ಕೆ ಬಂದೆ. ದಿನಾ ಫೋನು ಮಾಡಿದರೆ ಒಂದೇ ಉತ್ತರ: “ಆಮೇಲ್ ಮಾಡಮ್ಮ, ಎತ್ತು ಹಿಡ್ಕೊಂಡಿದ್ದೀನಿ.”

ಮೈಯೆಲ್ಲ ಉರಿದುಹೋಯಿತು. “ಮಾವ, ಒಂದು ದಿನವಾದ್ರೂ ಪುಸ್ತಕ ತೆಗೆಸಿದ್ರಾ?”

“ಪುಸ್ತಕ ಯಾಕವ್ವ? ಕ್ಲೋರಿನ್ನಿಗೆ ಹೊರಗಿನ ಕವಚದಾಗೆ ಏಳು ಎಲೆಕ್ಟ್ರಾನು, ಬೇಕಾಗಿರಾದು ಎಂಟು. ಪಕ್ಕದ ಕ್ಲೋರಿನ್ನಿಗೂ ಏಳೇ. ಬುಟ್ಕೊಡಾಕೆ ಇಬ್ರೂ ಒಪ್ಪಾಕಿಲ್ಲ. ಅದ್ಕೇ ಒಂದೊಂದು ತಂದು ಮಧ್ಯಕ್ಕೆ ಇಡ್ತವೆ. ಆ ಜೊತೆ ಇಬ್ರಿಗೂ ಲೆಕ್ಕ, ಇಬ್ರಿಗೂ ಎಂಟಾಯ್ತು. ನಾನೂ ಗೌಡನೂ ಇನ್ನೇನು ಮಾಡ್ತಿರಾದು?”

“ಪರೀಕ್ಷೇಲಿ ಎತ್ತಿನ ಕತೆ ಬರುದ್ರೆ ಮಾರ್ಕ್ಸ್ ಕೊಡ್ತಾರಾ?”

“ಕೊಡ್ದಿದ್ರೆ ಪೇಪರ್ ತಿದ್ದಾವ್ನೇ ದಡ್ಡ ಕಣವ್ವ!”

ಭಾನುವಾರ ಅವಳನ್ನು ಕರೆತರಲು ಹೋದರೆ ಮಾವನ ಕೊಟ್ಟಿಗೆ ಖಾಲಿ. ಹಿಂದಿನ ದಿನ ಗೌಡರ ಎತ್ತು ಬಸವ ಸತ್ತುಹೋಗಿತ್ತಂತೆ. ಗೌಡರು ಅನ್ನ ಮುಟ್ಟದೆ ಬರಿಗೂಟದ ಮುಂದೆ ಕೂತುಬಿಟ್ಟಿದ್ದರಂತೆ. ಬೆಳಿಗ್ಗೆ ಎದ್ದವರೇ ಮಾವ ತಮ್ಮ ಎತ್ತು ರಾಮನನ್ನು ಹೊಡೆದುಕೊಂಡು ಹೋಗಿ ಆ ಗೂಟಕ್ಕೆ ಕಟ್ಟಿ ಬಂದಿದ್ದರು.

“ಇದ್ದ ಒಂದನ್ನೂ ಕೊಟ್ಬುಟ್ರಾ? ತಲೆ ನೆಟ್ಟಗೈತಾ ನಿಮ್ಗೆ?” ಅಂತ ಕೂಗಾಡಿದೆ.

ಮಗಳು ಅಡ್ಡ ಬಂದಳು. “ಕೊಟ್ಟಿಲ್ಲಮ್ಮ. ಕೊಟ್ಬುಟ್ರೆ ಅದು ಅಯಾನಿಕ ಬಂಧ. ರಾಮ ಎಲ್ಲಿದ್ರೂ ಇಬ್ರಿಗೂ ಲೆಕ್ಕ. ಇದು ಸಹವೇಲೆನ್ಸೀಯ!”

ಒಂದು ಸಲವೂ ತಡವರಿಸಲಿಲ್ಲ ಹುಡುಗಿ! ನನ್ನ ಎದೆಯ ಮೇಲಿನ ಭಾರ ಅಲ್ಲೇ ಇಳಿಯಿತು.

ಮಾವ ನಮ್ಮ ಕಡೆ ತಿರುಗಲೂ ಇಲ್ಲ. ಜಗಲಿಯ ಮೇಲಿಂದಲೇ ಪಕ್ಕದ ಕೊಟ್ಟಿಗೆಗೆ ಕೂಗಿದರು: “ಲೇ ರಾಮ, ಗೌಡ ಉಂಡ್ನಾ ಕೇಳ್ಲಾ.”

ಕೊಟ್ಟಿಗೆಯೊಳಗಿಂದ ಗೌಡರ ದನಿ ಬಂತು. ಆರು ವರ್ಷದಲ್ಲಿ ಮೊದಲ ಸಲ ಅದರಲ್ಲಿ ಎತ್ತಿನ ಹೆಸರಿರಲಿಲ್ಲ.

“ಇಲ್ಲ ಕಣ್ ಮೇಷ್ಟ್ರೇ. ಬನ್ನಿ, ಒಟ್ಗೇ ಉಣ್ಣವ.”

ಬೈಯಲೆಂದೇ ಬಂದಿದ್ದ ನನಗೆ ಕಣ್ಣು ತುಂಬಿಕೊಂಡಿತು. ಮಾವ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟರು.